ಮಣ್ಣಿಗೆ ಸೇರುವ ಲೋಹವೂ ಅಣುಜೀವಿಗಳ ಉಪಕಾರವೂ

ರೈತನಾದವನು ಬಿತ್ತಿದ ಬೀಜಕ್ಕೆ ಲೆಕ್ಕವಿಡುತ್ತಾನೆ. ಹಾಕಿದ ಗೊಬ್ಬರಕ್ಕೆ ಲೆಕ್ಕವಿಡುತ್ತಾನೆ. ಸಾಲದ ಬಡ್ಡಿಯ ಲೆಕ್ಕವನ್ನಂತೂ ನಿದ್ದೆಯಲ್ಲಿಯೂ ಮರೆಯಲಾರನು. ಆದರೆ ಅವನ ಹೊಲದ ಮಣ್ಣಿಗೆ ವರ್ಷವರ್ಷವೂ ಬಂದು ಸೇರುವ ತಾಮ್ರ, ಸೀಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳ ಲೆಕ್ಕವನ್ನು ಅವನೂ ಇಡುವುದಿಲ್ಲ, ಅವನ ಹಿತಚಿಂತನೆಗಾಗಿಯೇ ಏರ್ಪಟ್ಟಿರುವ ಇಲಾಖೆಯವರು ಅವನ ಕೈಗೆ ಕೊಡುವ ಚೀಟಿಯಲ್ಲಿಯೂ ಅದಕ್ಕೆ ಸ್ಥಳವಿಲ್ಲ. ಈ ಅಲಕ್ಷ್ಯದ ನಡುವೆ ಮತ್ತೊಂದು ಮಾತು ಈಚೆಗೆ ಬಾಯಿಂದ ಬಾಯಿಗೆ ಹರಡುತ್ತಿದೆ. ಮಣ್ಣು ಕೆಟ್ಟರೂ ಚಿಂತೆಯಿಲ್ಲ, ಮಣ್ಣಿನೊಳಗಿನ ಅಣುಜೀವಿಗಳೇ ವಿಷಲೋಹವನ್ನು ತಿಂದು ಜೀರ್ಣಿಸಿಕೊಂಡು ಭೂಮಿಯನ್ನು ಶುದ್ಧಮಾಡಿಕೊಡುತ್ತವೆ ಎಂಬುದೇ ಆ ಮಾತು. ಇದರಲ್ಲಿ ಅರ್ಧದಷ್ಟು ಸತ್ಯವುಂಟು. ಉಳಿದ ಅರ್ಧವು ಭ್ರಾಂತಿ. ಭ್ರಾಂತಿಯ ಭಾಗವನ್ನು ನಂಬಿ ಕುಳಿತರೆ, ಸತ್ಯದ ಭಾಗದಿಂದ ದೊರೆಯಬಹುದಾದ ಪ್ರಯೋಜನವನ್ನೂ ನಾವು ಕಳೆದುಕೊಳ್ಳುವೆವು. ಆದಕಾರಣ ಇವೆರಡನ್ನೂ ಬೇರ್ಪಡಿಸಿ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದಕ್ಕೆ ಕಾರಣವಿದೆ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿಯ ಕಬ್ಬಿಣದ ಬೆಟ್ಟಗಳು; ಅವುಗಳ ಸೆರಗಿನಲ್ಲಿ ಕಾಫಿ ಅಡಕೆಗಳ ತೋಟಗಳು; ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಗಟ್ಟಿದ ಜಲಾಶಯ; ಪೂರ್ವಕ್ಕೆ ಸರಿದಂತೆಲ್ಲ ತೆಂಗು, ರಾಗಿ, ಈರುಳ್ಳಿಗಳ ಬಯಲು; ಸಖರಾಯಪಟ್ಟಣದ ಅಯ್ಯನಕೆರೆಯಿಂದ ಮೊದಲ್ಗೊಂಡು ಊರೂರಿಗೂ ಒಂದೊಂದು ಕೆರೆ. ಲೋಹವೆಂಬುದು ಈ ಸೀಮೆಗೆ ಹೊಸದಲ್ಲ. ಕೆಮ್ಮಣ್ಣುಗುಂಡಿಯೆಂಬ ಹೆಸರೇ ಅದನ್ನು ಸಾರುತ್ತದೆ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸ ಮೊದಲುಮಾಡಿದಾಗ ಅದರ ಕುಲುಮೆಗೆ ಅದಿರು ಇಳಿದುಬಂದುದು ತರೀಕೆರೆಯ ಈ ಬೆಟ್ಟದಿಂದಲೇ. ಆದರೂ ಕೋಲಾರದ ಗಣಿಪ್ರದೇಶದಲ್ಲಿರುವಂತೆ ಇಲ್ಲಿ ಸೈನೈಡ್ ಗುಡ್ಡಗಳಿಲ್ಲ. ಬೆಂಗಳೂರಿನ ವೃಷಭಾವತಿಯಂತೆ ಕಾರ್ಖಾನೆಗಳ ಕೊಚ್ಚೆಯನ್ನು ಹೊತ್ತು ಹರಿಯುವ ಹೊಳೆಯಿಲ್ಲ. ಇದು ಈ ಸೀಮೆಯ ಭಾಗ್ಯ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ಥಿತಿ ಇಲ್ಲಿಗೆ ಇನ್ನೂ ಬಂದಿಲ್ಲವಾದುದರಿಂದಲೇ ಇಲ್ಲಿ ಎಚ್ಚರದ ಮಾತಿಗೆ ಬೆಲೆಯುಂಟು.

ಮೊದಲು ಅಣುಜೀವಿಗಳ ಸಂಗತಿಯನ್ನು ನೋಡೋಣ. ಫಲವತ್ತಾದ ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳೂ, ಅವುಗಳೊಡನೆ ಬೂಷ್ಟಿನ ಜಾತಿಯ ಶಿಲೀಂಧ್ರಗಳೂ ವಾಸಮಾಡುತ್ತವೆ. ಬಿದ್ದ ಎಲೆಯನ್ನು ಗೊಬ್ಬರವಾಗಿಸುವವು, ಅವರೆ ತೊಗರಿಗಳ ಬೇರಿನ ಗಂಟಿನಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಪಯಿರಿಗೆ ಒದಗಿಸುವವು, ಬಂಡೆಯ ಪುಡಿಯಲ್ಲಿ ಅಡಗಿರುವ ರಂಜಕವನ್ನು ಬಿಡಿಸಿಕೊಡುವವು ಇವೇ. ಕೂಲಿಯನ್ನು ಬೇಡದೆ ಹಗಲಿರುಳು ದುಡಿಯುವ ಈ ಆಳುಗಳಿಲ್ಲದಿದ್ದರೆ ಮಣ್ಣು ಬರಿಯ ಕಲ್ಲುಪುಡಿಯಾಗಿ ಉಳಿಯುತ್ತಿತ್ತು. ಎಣ್ಣೆ, ಕೀಟನಾಶಕ ಮುಂತಾದ ಅನೇಕ ವಿಷವಸ್ತುಗಳನ್ನು ಸಹ ಇವು ಒಡೆದು ನಿರ್ವಿಷಮಾಡಬಲ್ಲವು. ಕೋಲಾರದ ಗುಡ್ಡಗಳ ಸೈನೈಡ್ ಎಂಬ ಘೋರವಿಷವೂ ಇಂಗಾಲ ಸಾರಜನಕಗಳ ಜೋಡಣೆಯೇ ಆದುದರಿಂದ ಅದನ್ನು ಆಹಾರಮಾಡಿಕೊಳ್ಳುವ ಬ್ಯಾಕ್ಟೀರಿಯಗಳುಂಟು. ಆದರೆ ಲೋಹದ ಸಂಗತಿ ಹಾಗಲ್ಲ. ಸೀಸವು ಮೂಲವಸ್ತು, ಅದನ್ನು ಒಡೆದರೆ ಬೇರೆಯದಾಗುವುದಕ್ಕೆ ಅದು ಕೂಡಿಸಿ ಮಾಡಿದ ಪದಾರ್ಥವಲ್ಲ. ಯಾವ ಜೀವಿಯ ಹೊಟ್ಟೆಯಲ್ಲಿ ಹೊಕ್ಕು ಬಂದರೂ ಸೀಸವು ಸೀಸವೇ, ತಾಮ್ರವು ತಾಮ್ರವೇ. ಮಣ್ಣಿಗೆ ಬಿದ್ದ ಒಂದು ಸೇರು ಲೋಹವನ್ನು ಇಲ್ಲವೆನ್ನಿಸುವ ಶಕ್ತಿ ಯಾವ ಅಣುಜೀವಿಗೂ ಇಲ್ಲ.

ಹಾಗಾದರೆ ಇವುಗಳ ಉಪಕಾರವೇನು? ಲೋಹವನ್ನು ಕಟ್ಟಿಹಾಕುವುದು, ಅಥವಾ ಅದರ ರೂಪವನ್ನು ಬದಲಿಸುವುದು. ಕೆಲವು ಬ್ಯಾಕ್ಟೀರಿಯಗಳು ತಮ್ಮ ಮೈಯ ಲೋಳೆಯಲ್ಲಿ ಲೋಹದ ಕಣಗಳನ್ನು ಹಿಡಿದಿಡುತ್ತವೆ. ಗಂಧಕದ ಲವಣಗಳನ್ನು ಉಸಿರಾಡುವ ಜಾತಿಯವು, ಗಾಳಿಯಿಲ್ಲದ ಕೆಸರಿನಲ್ಲಿ ಸತು, ಸೀಸ, ಕ್ಯಾಡ್ಮಿಯಂಗಳನ್ನು ನೀರಿನಲ್ಲಿ ಕರಗದ ಗಂಧಕದ ಸಂಯುಕ್ತಗಳನ್ನಾಗಿ ಕೂರಿಸುತ್ತವೆ. ಚರ್ಮ ಹದಮಾಡುವ ಮತ್ತು ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಗಳಿಂದ ಹೊರಬೀಳುವ ಕ್ರೋಮಿಯಂ ತನ್ನ ಅತ್ಯಂತ ವಿಷಮಯವಾದ ರೂಪದಲ್ಲಿ ನೀರಿನೊಡನೆ ಸುಲಭವಾಗಿ ಹರಿಯುತ್ತದೆ. ಅದನ್ನು ಸುಲಭವಾಗಿ ಕರಗದ, ವಿಷ ಕಡಿಮೆಯಾದ ಇನ್ನೊಂದು ರೂಪಕ್ಕೆ ತರುವ ಬ್ಯಾಕ್ಟೀರಿಯಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಬೇರಿನೊಡನೆ ಬಾಳುವ ಮೈಕೊರೈಜ ಎಂಬ ಶಿಲೀಂಧ್ರವು ಪಯಿರಿಗೆ ರಂಜಕವನ್ನು ತಂದುಕೊಡುತ್ತ, ಎಷ್ಟೋ ಸಂದರ್ಭಗಳಲ್ಲಿ ಲೋಹವನ್ನು ತನ್ನ ಎಳೆಗಳಲ್ಲಿಯೇ ತಡೆದು ಬಾಗಿಲು ಕಾಯುತ್ತದೆ. ಈ ಶಿಲೀಂಧ್ರದ ವಿಷಯದಲ್ಲಿ ಬೆಂಗಳೂರಿನ ಕೃಷಿವಿಶ್ವವಿದ್ಯಾನಿಲಯದ ಡಿ. ಜೆ. ಭಾಗ್ಯರಾಜ್ ಅವರು ನಡೆಸಿದ ಸಂಶೋಧನೆಯು ಲೋಕದ ವಿದ್ವಾಂಸರ ಮನ್ನಣೆಯನ್ನು ಪಡೆದಿರುವುದು ಕನ್ನಡನಾಡಿಗೆ ಅಭಿಮಾನದ ಸಂಗತಿ.

ಆದರೆ ಕಟ್ಟಿಹಾಕುವ ಕೈಯೇ ಬಿಚ್ಚಿಬಿಡಲೂ ಬಲ್ಲದು. ಗಂಧಕದ ಅದಿರಿನ ಮೇಲೆ ಬದುಕುವ ಕೆಲವು ಬ್ಯಾಕ್ಟೀರಿಯಗಳು ಗಂಧಕಾಮ್ಲವನ್ನು ಉತ್ಪತ್ತಿಮಾಡಿ ಕಲ್ಲಿನಲ್ಲಿ ಸೆರೆಯಾಗಿದ್ದ ಲೋಹವನ್ನು ನೀರಿಗಿಳಿಸುತ್ತವೆ. ಅದಿರಿನಿಂದ ಲೋಹ ತೆಗೆಯುವುದಕ್ಕೆ ಇದನ್ನೇ ಉಪಾಯವಾಗಿ ಬಳಸಬಹುದೆಂದು ಭಾರತೀಯ ವಿಜ್ಞಾನ ಮಂದಿರದ ಕೆ. ಎ. ನಟರಾಜನ್ ಅವರು ಬಹುಕಾಲ ಪ್ರಯೋಗಗಳನ್ನು ನಡೆಸಿದರು. ಗಣಿಯವನಿಗೆ ಲಾಭವಾಗುವ ಈ ಗುಣವೇ ಗಣಿಯ ಕೆಳಗಿನ ಗದ್ದೆಯವನಿಗೆ ಹಾನಿಯಾಗುತ್ತದೆ. ಇನ್ನೊಂದು ನಿದರ್ಶನವು ನಮ್ಮ ಕೆಮ್ಮಣ್ಣಿಗೇ ಸಂಬಂಧಿಸಿದುದು. ಕೆಮ್ಮಣ್ಣಿನ ಕಬ್ಬಿಣದ ತುಕ್ಕು ಪಾಷಾಣದ ಮೂಲವಾದ ಆರ್ಸೆನಿಕ್ ಮುಂತಾದವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹೊಲವು ಒಣಗಿದ್ದಾಗ ಇದರಿಂದ ಭಯವಿಲ್ಲ. ಅದೇ ಮಣ್ಣಿನಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಭತ್ತ ಬೆಳೆದರೆ, ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಗಳು ಆ ತುಕ್ಕನ್ನೇ ಉಸಿರಾಟಕ್ಕೆ ಉಪಯೋಗಿಸಿಕೊಂಡು ಕರಗಿಸುತ್ತವೆ. ಅದರ ಹಿಡಿತದಲ್ಲಿದ್ದ ಆರ್ಸೆನಿಕ್ ಸಡಿಲಗೊಂಡು ಭತ್ತದ ಬೇರಿಗೆ ನಿಲುಕುತ್ತದೆ. ಆದಕಾರಣ ಖುಷ್ಕಿಗೆ ಹೇಳಿದ ಚಿಕಿತ್ಸೆ ತರಿಗೆ ಸಲ್ಲದು, ತರಿಯದು ತೋಟಕ್ಕೆ ಸಲ್ಲದು. ಮಣ್ಣನ್ನು ಪರೀಕ್ಷಿಸದೆ ಸೀಸೆಯಲ್ಲಿ ತುಂಬಿದ ಅಣುಜೀವಿಗಳ ದ್ರಾವಣವನ್ನು ಎಲ್ಲ ಮಣ್ಣಿಗೂ ಒಂದೇ ಮದ್ದೆಂದು ಮಾರುವವರ ಮಾತಿಗೆ ರೈತಬಾಂಧವರು ಕಿವಿಗೊಡಬಾರದು.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದುಂಟು. ಲೋಹವು ಮಿತಿಮೀರಿದಾಗ ಮೊದಲು ಸಾಯುವವು ನಾವು ರಕ್ಷಕರೆಂದು ನಂಬಿದ ಈ ಅಣುಜೀವಿಗಳೇ. ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ 1942ರಿಂದ 1961ರವರೆಗೆ ನಗರದ ಚರಂಡಿಯ ಗಸಿಯನ್ನು ಗೊಬ್ಬರವಾಗಿ ಹಾಕಿದ ಪ್ರಯೋಗಕ್ಷೇತ್ರವೊಂದಿದೆ. ಗಸಿ ಹಾಕುವುದನ್ನು ನಿಲ್ಲಿಸಿ 20 ವರ್ಷಗಳಿಗೂ ಮೇಲೆ, 1984ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಆ ನೆಲದಲ್ಲಿ ಅಣುಜೀವಿಗಳ ಒಟ್ಟು ತೂಕವು ಪಕ್ಕದ ಸಾಮಾನ್ಯ ನೆಲದಲ್ಲಿದ್ದುದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆ ನೆಲದ ಕ್ಲೋವರ್ ಎಂಬ ಮೇವಿನ ಗಿಡದ ಬೇರಿನಲ್ಲಿ ಗಂಟುಗಳಿದ್ದವು. ಆದರೆ ಸಾರಜನಕವನ್ನು ಕೂಡಿಡುವ ಶಕ್ತಿಯುಳ್ಳ ಬ್ಯಾಕ್ಟೀರಿಯದ ತಳಿ ನಶಿಸಿ, ನಿಷ್ಪ್ರಯೋಜಕವಾದ ತಳಿ ಮಾತ್ರ ಉಳಿದುಕೊಂಡಿತ್ತು. ಮೇಲೆ ಹಸುರು ಕಾಣುತ್ತಿದ್ದರೂ ಒಳಗೆ ದುಡಿಯುವ ಆಳು ಇಲ್ಲವಾದಂತಾಯಿತು. ಅವರೆ, ತೊಗರಿ, ಹೆಸರುಗಳ ಬಲದಿಂದ ನೆಲದ ಸಾರವನ್ನು ಕಾಪಾಡಿಕೊಂಡು ಬಂದ ನಮ್ಮ ಬಯಲುಸೀಮೆಯ ರೈತನು ಈ ನಿದರ್ಶನವನ್ನು ಎರಡು ಬಾರಿ ಓದಿಸಿಕೊಳ್ಳಬೇಕು.

ಒಮ್ಮೆ ಕೆಟ್ಟ ನೆಲವನ್ನು ಸರಿಪಡಿಸಲು ತಗಲುವ ಕಾಲವೆಷ್ಟೆಂಬುದಕ್ಕೆ ಜಪಾನು ದೇಶವೇ ಸಾಕ್ಷಿ. ಅಲ್ಲಿನ ಜಿಂಜೂ ನದಿಯ ಬಯಲಿನಲ್ಲಿ, ಮೇಲಣ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಗದ್ದೆಗಳಲ್ಲಿ ಸೇರಿ, ಅಕ್ಕಿಯ ಮೂಲಕ ಜನರ ಮೂಳೆಗಳನ್ನು ಮುರಿಯಿತು. ನೋವು ತಾಳಲಾರದೆ ರೋಗಿಗಳು ನರಳಿದ ದನಿಯೇ ಆ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರವು ಕಾರಣವನ್ನು ಒಪ್ಪಿಕೊಂಡಿತು. ವಿಷಮಣ್ಣನ್ನು ಹೂತು, ಅದರ ಮೇಲೆ ಹೊರಗಿನಿಂದ ತಂದ ಮಣ್ಣನ್ನು ಹರಡಿ ಗದ್ದೆಗಳನ್ನು ಸರಿಪಡಿಸುವ ಕೆಲಸವು 1979ರಲ್ಲಿ ಮೊದಲಾಗಿ 2012ರಲ್ಲಿ ಮುಗಿಯಿತು. ವಿಜ್ಞಾನದಲ್ಲಿಯೂ ದ್ರವ್ಯದಲ್ಲಿಯೂ ಸಮರ್ಥವಾದ ಒಂದು ರಾಷ್ಟ್ರಕ್ಕೆ 33 ವರ್ಷಗಳು ಹಿಡಿದವು. ಅಷ್ಟು ಹಣವನ್ನಾಗಲಿ ಅಷ್ಟು ತಾಳ್ಮೆಯನ್ನಾಗಲಿ ನಮ್ಮ ತಾಲ್ಲೂಕು ಕಚೇರಿಗಳಿಂದ ನಿರೀಕ್ಷಿಸುವುದಕ್ಕಿಂತ ವಿಷವು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವುದು ಸುಲಭವಲ್ಲವೆ?

ಹಾಗಾದರೆ ಈ ಸೀಮೆಯ ನೆಲಕ್ಕೆ ಲೋಹವು ಯಾವ ದಾರಿಯಿಂದ ಬರುತ್ತದೆ? ಮೊದಲನೆಯ ದಾರಿ ನಾವೇ ಪ್ರೀತಿಯಿಂದ ತೆರೆದಿಟ್ಟಿರುವುದು. ಅದು ಮೈಲುತುತ್ತ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು ಅಡಕೆಯ ಕೊಳೆರೋಗದ ಮೂಲವನ್ನು ಕಂಡುಹಿಡಿದು, 1910ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿಗೆ ಕಲಿಸಿದನು. ಮಳೆಗಾಲ ಬಂತೆಂದರೆ ಎದೆ ನಡುಗುತ್ತಿದ್ದ ತೋಟಗಾರರಿಗೆ ಇದು ಸಂಜೀವಿನಿಯಾಯಿತು. ಆ ಮಹನೀಯನ ಉಪಕಾರವನ್ನು ಮಲೆನಾಡು ಮರೆಯಲಾರದು. ಮದ್ದು ಒಳ್ಳೆಯದೇ. ಆದರೆ ಮದ್ದಿನೊಳಗಿನ ತಾಮ್ರವು ಮಳೆಯೊಡನೆ ಇಳಿದು ಹೆಚ್ಚುಭಾಗ ತೋಟದ ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ.

ಇದರ ಲೆಕ್ಕವನ್ನು ಯಾವ ಶಾಲೆಯ ಹುಡುಗನಾದರೂ ಮಾಡಬಲ್ಲನು. ನೂರು ಲೀಟರು ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಹೆಕ್ಟೇರಿಗೆ ಒಂದು ಸಲಕ್ಕೆ ಸಾವಿರ ಲೀಟರು ಎಂದು ಹಿಡಿದರೆ ಎರಡೂವರೆ ಕಿಲೋಗ್ರಾಂ ತಾಮ್ರ ಇಳಿಯಿತು. ವರ್ಷಕ್ಕೆ ಎರಡು ಸಲವಾದರೆ ಐದು ಕಿಲೋಗ್ರಾಂ. ಒಂದು ಹೆಕ್ಟೇರಿನ ಅರ್ಧ ಅಡಿ ಆಳದ ಮೇಲ್ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋಗ್ರಾಂ. ಎಂದಮೇಲೆ ವರ್ಷಕ್ಕೆ ಕಿಲೋಗ್ರಾಂ ಮಣ್ಣಿಗೆ ಎರಡೂವರೆ ಮಿಲಿಗ್ರಾಂ ತಾಮ್ರ ಕೂಡುತ್ತ, 40 ವರ್ಷಗಳಲ್ಲಿ ಅದು 100 ಮಿಲಿಗ್ರಾಂ ಆಗುತ್ತದೆ. ಚರಂಡಿಯ ಗಸಿಯನ್ನು ಹಾಕುವ ನೆಲದಲ್ಲಿ ತಾಮ್ರವು ಕಿಲೋಗ್ರಾಂ ಮಣ್ಣಿಗೆ 50ರಿಂದ 140 ಮಿಲಿಗ್ರಾಮಿನ ಒಳಗಿನ ಮಿತಿಯನ್ನು ಮೀರಬಾರದೆಂದು ಯೂರೋಪಿನ ರಾಷ್ಟ್ರಗಳು 1986ರಲ್ಲಿಯೇ ವಿಧಿಸಿದುವು. ಈ ದ್ರಾವಣವು ಹುಟ್ಟಿದ ಬೋರ್ಡೋ ಪಟ್ಟಣವಿರುವುದು ಆ ಖಂಡದಲ್ಲಿಯೇ. ಅಲ್ಲಿನ ದ್ರಾಕ್ಷಿತೋಟಗಳ ನೆಲದಲ್ಲಿ ತಾಮ್ರ ತುಂಬಿಕೊಂಡುದನ್ನು ಕಂಡು, ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗ್ರಾಮಿಗೆ ಮೀರಿ ತಾಮ್ರವನ್ನು ಬಳಸಕೂಡದೆಂಬ ಕಟ್ಟನ್ನು 2019ರಿಂದ ಜಾರಿಗೆ ತಂದಿದ್ದಾರೆ. ನಾವು ಮೇಲೆ ಮಾಡಿದ ಲೆಕ್ಕದಂತೆ ಏಳು ವರ್ಷಗಳಿಗೆ 35 ಕಿಲೋಗ್ರಾಂ ಆಗುತ್ತದೆ. ಬಾಬಾಬುಡನ್‌ಗಿರಿಯ ಸೆರಗಿನ ಕಾಫಿ ಅಡಕೆಗಳ ತೋಟದವರು ಸಿಂಪಡಿಸುವುದನ್ನು ಇಂದೇ ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಎಷ್ಟು ಸುರಿದಿದ್ದೇವೆಂಬುದನ್ನು ಬರೆದಿಡಬೇಕೆಂದು ಮಾತ್ರ ಹೇಳುತ್ತೇವೆ.

ಎರಡನೆಯ ದಾರಿ ಪಟ್ಟಣದ ಕಸ ಮತ್ತು ಕೆರೆಯ ಗೋಡು. ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹರಡುವುದು ನಮ್ಮ ಹಿರಿಯರ ಬುದ್ಧಿವಂತಿಕೆ. ಹೊಲದಿಂದ ಕೊಚ್ಚಿಹೋದ ಸಾರವು ಹೊಲಕ್ಕೇ ಮರಳುತ್ತಿತ್ತು. ಆದರೆ ಹಿರಿಯರ ಕಾಲದ ಕೆರೆಗೆ ಹಳೆಯ ಬ್ಯಾಟರಿಗಳೂ, ಬಣ್ಣದ ಡಬ್ಬಿಗಳೂ, ಮೋಟಾರು ಷೆಡ್ಡುಗಳ ಜಿಡ್ಡೂ ಬಂದು ಬೀಳುತ್ತಿರಲಿಲ್ಲ. ಪಟ್ಟಣದ ಚರಂಡಿ ಯಾವ ಕೆರೆಯ ಕಡೆಗೆ ತಿರುಗಿದೆಯೋ ಆ ಕೆರೆಯ ಗೋಡು ಗೊಬ್ಬರವೋ ವಿಷವೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಪಟ್ಟಣದ ಕಸದಿಂದ ಮಾಡಿದ ಗೊಬ್ಬರಕ್ಕಾದರೋ ರಸಗೊಬ್ಬರ ನಿಯಂತ್ರಣದ ಆಜ್ಞೆಯಲ್ಲಿ ಮಿತಿಗಳನ್ನು ವಿಧಿಸಿದೆ. ಕಿಲೋಗ್ರಾಮಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಮಿಗೆ ಹೆಚ್ಚಿರಬಾರದು. ನಗರದ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ತುಂಬುವ ಯೋಜನೆಯು 2018ರಲ್ಲಿ ಮೊದಲಾದಾಗ, ಲೋಹಾಂಶವನ್ನು ಕುರಿತು ಎದ್ದ ಪ್ರಶ್ನೆಗಳು ಉಚ್ಚ ನ್ಯಾಯಾಲಯದವರೆಗೆ ಹೋದುವು. ಭದ್ರಾ ಮೇಲ್ದಂಡೆಯ ನೀರನ್ನು ಎದುರುನೋಡುತ್ತಿರುವ ನಮ್ಮ ಕೆರೆಗಳಿಗೂ ಅದರಿಂದ ಒಂದು ಪಾಠವುಂಟು. ಕೆರೆ ತುಂಬುವುದು ಸಂತೋಷ; ಜೊತೆಗೆ ಏನು ತುಂಬುತ್ತಿದೆಯೆಂಬುದನ್ನು ತಿಳಿಯುವುದು ವಿವೇಕ.

ಮೂರನೆಯ ದಾರಿ ಗಣಿ. ಲಕ್ಕವಳ್ಳಿಯ ಜಲಾಶಯಕ್ಕೆ ಬರುವ ಭದ್ರೆ ಕುದುರೆಮುಖದ ಸೀಮೆಯಲ್ಲಿ ಹುಟ್ಟುತ್ತಾಳೆ. ಅಲ್ಲಿನ ಕಬ್ಬಿಣದ ಗಣಿಯಿಂದ ಮಳೆಗಾಲದಲ್ಲಿ ಕೆಂಪು ಹೂಳು ನದಿಗೆ ಇಳಿಯುತ್ತಿದ್ದುದು ಕೆಳಗಿನವರಿಗೆ ಬಹುಕಾಲದ ಚಿಂತೆಯಾಗಿತ್ತು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ಗಣಿ ನಿಂತೊಡನೆ ಗಣಿಯ ಗಸಿ ಮಾಯವಾಗುವುದಿಲ್ಲ. ಅದು ಲಖ್ಯಾ ಕಟ್ಟೆಯ ಹಿಂದೆ ಇಂದಿಗೂ ಮಲಗಿದೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಚಿನ್ನ ಹೋಯಿತು, ಗುಡ್ಡಗಳು ಉಳಿದುವು, ಬೇಸಗೆಯ ಗಾಳಿಗೆ ಆ ಧೂಳು ಊರಿನ ಮೇಲೆ ಬೀಳುವುದು ತಪ್ಪಲಿಲ್ಲ. ಮುಂದೆ ಈ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ಗಣಿ ತೆರೆಯುವೆವೆಂದು ಬಂದಾಗ ಅವರು ಕೊಡುವ ಕೆಲಸಗಳ ಸಂಖ್ಯೆಯನ್ನು ಕೇಳುವುದಕ್ಕೆ ಮೊದಲು, ಬಿಟ್ಟುಹೋಗುವ ಗಸಿಯ ತೂಕವನ್ನು ಕೇಳಬೇಕು.

ಈಗ ಅಧಿಕಾರಿವರ್ಗದವರಿಗೆ ಎರಡು ಮಾತು. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದವರು ಮಣ್ಣಿನ ಆರೋಗ್ಯದ ಚೀಟಿಯ ಯೋಜನೆಯನ್ನು ಆರಂಭಿಸಿದರು. ಯೋಜನೆ ಸ್ತುತ್ಯರ್ಹವಾದುದೇ. ಆ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆಯ ಫಲವನ್ನು ಬರೆದುಕೊಡುತ್ತಾರೆ. ತಾಮ್ರವೂ ಸತುವೂ ಅದರಲ್ಲಿ ಸೇರಿವೆ. ಆದರೆ ಪಯಿರಿಗೆ ಅವು ಸಾಲದೆ ಇವೆಯೇ ಎಂದು ನೋಡುವುದಕ್ಕಾಗಿ, ಅತಿಯಾಗಿವೆಯೇ ಎಂದು ನೋಡುವುದಕ್ಕಾಗಿ ಅಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್‌ಗಳ ಹೆಸರೇ ಅದರಲ್ಲಿಲ್ಲ. ಅಣುಜೀವಿಗಳ ಸ್ಥಿತಿಯನ್ನು ತಿಳಿಸುವ ಅಂಕಣವೂ ಇಲ್ಲ. ಹಸಿವನ್ನು ಮಾತ್ರ ವಿಚಾರಿಸಿ ವಿಷವನ್ನು ವಿಚಾರಿಸದ ವೈದ್ಯನಂತಾಯಿತು ಇದು.

2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದವರು ಕಲುಷಿತ ಸ್ಥಳಗಳ ನಿರ್ವಹಣೆಯನ್ನು ಕುರಿತು ನಿಯಮಗಳನ್ನು ಹೊರಡಿಸಿದರು. ಸಂಶಯಾಸ್ಪದವಾದ ಸ್ಥಳಗಳ ವರದಿಯನ್ನು ಜಿಲ್ಲೆಯ ಆಡಳಿತದವರು ಆರು ತಿಂಗಳಿಗೊಮ್ಮೆ ಕಳುಹಿಸಬೇಕು; ಕೆಡಿಸಿದವನೇ ಶುದ್ಧಿಯ ವೆಚ್ಚವನ್ನು ಹೊರಬೇಕು ಎಂಬುದು ಅವುಗಳ ಸಾರ. ತತ್ತ್ವವು ನ್ಯಾಯವಾದುದು. ಆದರೆ ಗಣಿಯ ಕೆಲಸದಿಂದಾದ ಮಾಲಿನ್ಯವನ್ನೂ ಕಸದ ರಾಶಿಗಳನ್ನೂ ಬೇರೆ ಕಾನೂನುಗಳ ಪಾಲಿಗೆಂದು ಈ ನಿಯಮಗಳಿಂದ ಹೊರಗಿಟ್ಟಿದ್ದಾರೆ. ರೈತನ ತೋಟದಲ್ಲಿ ಹನಿಹನಿಯಾಗಿ ಕೂಡಿಬಂದ ತಾಮ್ರಕ್ಕಂತೂ ಕೆಡಿಸಿದವನೆಂದು ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ. ಸಿಂಪಡಿಸೆಂದು ಕಲಿಸಿದವರು ನಾವೇ. ಆದುದರಿಂದ ನಿಯಮದ ಬಲೆಯ ಕಣ್ಣುಗಳ ನಡುವೆ ನಮ್ಮ ಸೀಮೆಯ ನೆಲವು ನುಸುಳಿಹೋಗದಂತೆ ಜಿಲ್ಲೆಯವರೇ ಸ್ವಂತ ಏರ್ಪಾಡು ಮಾಡಿಕೊಳ್ಳುವುದು ಅವಶ್ಯಕ.

ಆ ಏರ್ಪಾಡು ಏನೆಂಬುದನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ಮೊದಲನೆಯದಾಗಿ, ಮೂರು ತಾಲ್ಲೂಕುಗಳಲ್ಲಿಯೂ ಹಳೆಯ ತೋಟ, ಪಟ್ಟಣದ ಕೆಳಗಿನ ಗದ್ದೆ, ಕೆರೆಯ ಗೋಡು, ಬಯಲ ಹೊಲ ಈ ನಾಲ್ಕು ಬಗೆಯ ಮಣ್ಣನ್ನು ಆರಿಸಿ ಲೋಹಪರೀಕ್ಷೆ ಮಾಡಿಸಬೇಕು. ಎರಡನೆಯದಾಗಿ, ಹೋಲಿಸಿ ನೋಡುವುದಕ್ಕೆ ಕೆಡದ ನೆಲವೊಂದು ಬೇಕು. ಕಬ್ಬಿಣದ ಬೆಟ್ಟದ ಬುಡದಲ್ಲಿ ಸ್ವಭಾವತಃ ಇರುವ ಲೋಹವೆಷ್ಟು, ಮನುಷ್ಯನು ಕೂಡಿಸಿದುದೆಷ್ಟು ಎಂಬುದು ತಿಳಿಯದಿದ್ದರೆ ಪರೀಕ್ಷೆಯ ಅಂಕೆಗಳಿಗೆ ಅರ್ಥವಿಲ್ಲ. ದೈವವಶಾತ್ ಕಡೂರು ತಾಲ್ಲೂಕಿನ ಬಾಸೂರಿನಲ್ಲಿ ಅಮೃತಮಹಲ್ ಕಾವಲು ಉಳಿದಿದೆ; ಕೃಷ್ಣಮೃಗಗಳಿಗಾಗಿ ಅದನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಹುಲ್ಲುಗಾವಲಾಗಿಯೇ ಉಳಿದುಬಂದ ಆ ನೆಲದ ಮಣ್ಣು, ಅದರ ಅಣುಜೀವಿಗಳು, ನಮ್ಮ ಬಯಲಿನ ಮಟ್ಟಿಗೆ ಅಳತೆಗೋಲಾಗಬಲ್ಲವು. ಬೆಟ್ಟದ ಸೆರಗಿನ ತೋಟಗಳಿಗೆ ಅಂತಹದೇ ಅಳತೆಯನ್ನು ಪಕ್ಕದ ಕಾಡಿನ ಮಣ್ಣಿನಿಂದ ಪಡೆಯಬಹುದು. ಕಾವಲೆಂದರೆ ಹಂಚಿಕೊಳ್ಳುವುದಕ್ಕಿರುವ ಬೀಳುನೆಲವೆಂದು ಭಾವಿಸುವವರಿಗೆ ಇದೊಂದು ಉತ್ತರ.

ಮೂರನೆಯದಾಗಿ, ಗೋಡೆತ್ತುವ ಕಾಮಗಾರಿಗೆ ಹಣ ಮಂಜೂರಾಗುವುದಕ್ಕೆ ಮೊದಲು ಆ ಗೋಡಿನ ಪರೀಕ್ಷೆ ಕಡ್ಡಾಯವಾಗಬೇಕು. ನಾಲ್ಕನೆಯದಾಗಿ, ತಾಮ್ರವನ್ನು ಕಡಿಮೆಮಾಡುವ ದಾರಿಗಳನ್ನು ತೋಟಗಾರರಿಗೆ ತಿಳಿಸಬೇಕು. ಅಡಕೆಗೊನೆಗೆ ಕೊಟ್ಟೆ ಕಟ್ಟುವುದು ಮಲೆನಾಡಿನ ಹಳೆಯ ಪದ್ಧತಿ. ಈಗ ಪ್ಲಾಸ್ಟಿಕ್ ಹೊದಿಕೆಯ ರೂಪದಲ್ಲಿ ಅದೇ ಉಪಾಯವನ್ನು ಬಳಸುವವರುಂಟು. ಬಸಿಗಾಲುವೆ ಸರಿಯಾಗಿದ್ದು, ಬಿದ್ದ ರೋಗದ ಕಾಯಿಗಳನ್ನು ಆಯ್ದು ತೋಟದಿಂದ ಹೊರಗೆ ಹಾಕಿದರೆ ರೋಗದ ಬೀಜವೇ ಕುಗ್ಗುತ್ತದೆ. ಕೂಲಿಯಾಳುಗಳ ಅಭಾವದಲ್ಲಿ ಇದೆಲ್ಲ ಸುಲಭವಲ್ಲವೆಂಬುದನ್ನು ಬಲ್ಲೆವು. ಎಲ್ಲ ಮರಕ್ಕೂ ಅಲ್ಲದಿದ್ದರೂ ಕೆಲವಕ್ಕಾದರೂ ಸಾಧ್ಯವಾದರೆ ಅಷ್ಟು ತಾಮ್ರ ಉಳಿಯಿತು.

ಐದನೆಯದಾಗಿ, ಅಣುಜೀವಿಗಳಿಗೆ ಊಟವಿಕ್ಕಬೇಕು. ಹೊರಗಿನಿಂದ ಪೊಟ್ಟಣ ತಂದು ಸುರಿಯುವುದಕ್ಕಿಂತ ಮೊದಲು ಮಾಡಬೇಕಾದುದು ಇದು. ಕೊಟ್ಟಿಗೆಗೊಬ್ಬರ, ಹೊಂಗೆಯ ಸೊಪ್ಪು, ಹೊಲದಲ್ಲಿಯೇ ಬೆಳೆದು ಉಳುವ ಸೆಣಬು, ಇವುಗಳಿಂದಾಗುವ ಕಪ್ಪುಮಣ್ಣಿನ ಅಂಶವು ತಾನೇ ಲೋಹವನ್ನು ಹಿಡಿಯುತ್ತದೆ, ಅಣುಜೀವಿಗಳನ್ನೂ ಸಾಕುತ್ತದೆ. ಹುಳಿಮಣ್ಣಾದರೆ ಸುಣ್ಣವನ್ನು ಹಾಕುವುದರಿಂದ ತಾಮ್ರ, ಸೀಸ, ಕ್ಯಾಡ್ಮಿಯಂಗಳ ಚಲನೆ ಕುಗ್ಗುತ್ತದೆ. ಕೆಟ್ಟ ದಿಣ್ಣೆಗಳ ಮೇಲೆ ಲಾವಂಚವನ್ನು ನೆಟ್ಟರೆ ಅದರ ಆಳವಾದ ಬೇರು ಮಣ್ಣು ಕೊಚ್ಚಿಹೋಗದಂತೆ ಕಟ್ಟುತ್ತದೆ. ಅಮೃತಮಹಲ್ ರಾಸುಗಳ ಸಂವರ್ಧನಕೇಂದ್ರವನ್ನು ಮಡಿಲಲ್ಲಿಟ್ಟುಕೊಂಡಿರುವ ಅಜ್ಜಂಪುರಕ್ಕೆ ಗೊಬ್ಬರದ ಮಹಿಮೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಇನ್ನು ವಿಶೇಷ ಜಾತಿಯ ಅಣುಜೀವಿಗಳ ಪ್ರಯೋಗವೆಂಬುದು ಕೃಷಿವಿಶ್ವವಿದ್ಯಾನಿಲಯದವರು ಇಲ್ಲಿನ ಮಣ್ಣಿನಲ್ಲಿಯೇ, ಇಲ್ಲಿನ ರೈತರ ಕಣ್ಣೆದುರಿಗೇ, ಹಾಕಿದ ಸಾಲನ್ನೂ ಹಾಕದ ಸಾಲನ್ನೂ ಅಕ್ಕಪಕ್ಕದಲ್ಲಿಟ್ಟು ಕೆಲವು ವರ್ಷ ನಡೆಸಿ ತೋರಿಸಬೇಕಾದ ಕೆಲಸ.

ಈ ಸೂಚನೆಗಳಿಗೆ ಬರಬಹುದಾದ ಆಕ್ಷೇಪಣೆಯನ್ನು ನಾವು ಅರಿಯದವರಲ್ಲ. “ಪರೀಕ್ಷೆಯೆಂದು ಹುತ್ತಕ್ಕೆ ಕೈಹಾಕಿದರೆ, ನಾಳೆ ನಮ್ಮ ಈರುಳ್ಳಿಯಲ್ಲಿ ವಿಷವಿದೆಯೆಂದು ಸುದ್ದಿ ಹುಟ್ಟೀತು, ಬೆಂಗಳೂರಿನ ಮಂಡಿಯಲ್ಲಿ ಮೂಟೆ ಕೇಳುವವರಿಲ್ಲದೆ ಹೋದೀತು, ನಷ್ಟ ರೈತನದಲ್ಲವೆ?” ಎಂದು ಕೇಳುವವರುಂಟು. ಈ ಭಯ ಹುಸಿಯಲ್ಲ. ಬೆಲೆ ಬಿದ್ದಾಗ ಈರುಳ್ಳಿಯನ್ನು ಹೊಲದಲ್ಲಿಯೇ ಉಳುವ ರೈತನಿಗೆ ಇನ್ನೊಂದು ಹೊರೆಯನ್ನು ಹೊರಿಸಲು ನಮಗೂ ಮನಸ್ಸಿಲ್ಲ. ಆದಕಾರಣವೇ ಪರೀಕ್ಷೆಯ ಫಲವು ಮೊದಲು ರೈತನ ಕೈಗೆ, ಅವನ ಭಾಷೆಯಲ್ಲಿ, ಮುಂದೇನು ಮಾಡಬೇಕೆಂಬ ಸಲಹೆಯೊಡನೆ ಬರಬೇಕು. ಪರೀಕ್ಷೆಯ ವೆಚ್ಚವನ್ನು ಸರ್ಕಾರವೇ ವಹಿಸಬೇಕು. ಕೆಟ್ಟಿತೆಂದು ಕಂಡ ನೆಲದವನಿಗೆ ಬೆಳೆ ಬದಲಿಸುವುದಕ್ಕೂ ಮಣ್ಣು ಸುಧಾರಿಸುವುದಕ್ಕೂ ಸಹಾಯದ್ರವ್ಯ ದೊರೆಯಬೇಕು. ಈ ಭರವಸೆಯಿಲ್ಲದೆ ಮಣ್ಣು ಕೊಡೆಂದು ರೈತನನ್ನು ಕೇಳುವುದು ಅನ್ಯಾಯ. ಆದರೆ ಭಯದಿಂದ ಕಣ್ಣು ಮುಚ್ಚಿಕೊಂಡರೆ ಲೋಹವೇನೂ ಕರಗುವುದಿಲ್ಲ. ಸಂತೆಗೆ ಹೋಗುವ ಮೂಟೆಗೆ ಮೊದಲು ಆ ನೆಲದ ಬೆಳೆಯನ್ನು ಉಣ್ಣುವವರು ರೈತನ ಹೆಂಡತಿ ಮಕ್ಕಳೇ ಎಂಬುದನ್ನು ಮರೆಯಬಾರದು.

ಪಟ್ಟಣವಾಸಿಗಳಾದ ನಮ್ಮ ವಾಚಕರು ಇದೆಲ್ಲ ಹಳ್ಳಿಯವರ ಸಂಗತಿಯೆಂದು ಪತ್ರಿಕೆಯನ್ನು ಮಡಿಸಿಡುವಂತಿಲ್ಲ. ಚರಂಡಿ ನಮ್ಮದು, ಒಡೆದ ಬ್ಯಾಟರಿ ನಮ್ಮದು, ಕಸದ ಗಾಡಿಯ ಹಿಂದೆ ಬೀಳುವ ಬಣ್ಣದ ಡಬ್ಬಿ ನಮ್ಮದು. ಕಡೂರು, ತರೀಕೆರೆ, ಅಜ್ಜಂಪುರದ ಪೌರಸಂಸ್ಥೆಗಳವರು ವಿಷದ ಕಸವನ್ನು ಮನೆಯ ಬಾಗಿಲಲ್ಲಿಯೇ ಬೇರೆ ಮಾಡಿಸಿದರೆ, ರೈತನಿಗೆ ಆ ಒಂದು ಭಯ ತಪ್ಪುತ್ತದೆ. ಅಣುಜೀವಿಗಳು ತಮ್ಮ ಕೆಲಸವನ್ನು ಎಂದೂ ನಿಲ್ಲಿಸಿಲ್ಲ; ಅವುಗಳ ಶಕ್ತಿಗೆ ಮೀರಿದ ಹೊರೆಯನ್ನು ಹೇರದಿರುವುದು ನಮ್ಮ ಪಾಲಿನ ಕೆಲಸ. ಬರುವ ಬೇಸಗೆಯಲ್ಲಿ ಕೆರೆಗಳಿಂದ ಗೋಡಿನ ಗಾಡಿಗಳು ಹೊರಡುವುದಕ್ಕೆ ಮೊದಲೇ ಈ ಪರೀಕ್ಷೆಯು ಆರಂಭವಾಗಲೆಂದು ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ಆಗ್ರಹಪೂರ್ವಕವಾದ ವಿಜ್ಞಾಪನೆ.